ಹೆಬ್ಬೆರಳಿನ ಮಾತು

ಗಡ್ಡೆ ತಿಂದುಹಾಕಿದ ಮೂಳೆಯನ್ನು ಕೀಲಿನ ಸಮೇತ ತೆಗೆಯಲೇಬೇಕು, ಆ ಜಾಗದಲ್ಲಿ ಏನು ಕೂರಿಸೋಣ ಎಂಬುದನ್ನು ಮಾತ್ರ ನಿಮ್ಮ ತಂದೆಯೇ ಹೇಳಲಿ ಎಂದರು ಡಾಕ್ಟರು. ಅಪ್ಪ ಬಲಗೈಯ ಊದಿದ ಹೆಬ್ಬೆರಳನ್ನು ಮೇಜಿನ ಮೇಲಿಟ್ಟುಕೊಂಡು ಮಗಳ ಕೈಗಳನ್ನೇ ನೋಡುತ್ತಿದ್ದ. ಹುಟ್ಟಿದಾಗಿನಿಂದ ಕಿವಿ ಕೇಳದ, ಮಾತು ಬಾರದ ಆ ದರ್ಜಿಗೆ ಮಂದಿಯ ಮಾತೆಲ್ಲ ಅವಳ ಕೈಯಿಂದಲೇ ತಲುಪಬೇಕಿತ್ತು.

ದಾರಿ ಎರಡಿದ್ದವು. ಸೊಂಟದಿಂದ ಒಂದು ತುಂಡು ಮೂಳೆ ತೆಗೆದು ಕೂರಿಸಿದರೆ ಬೆರಳು ಗಟ್ಟಿಮುಟ್ಟಾಗುತ್ತದೆ, ಕತ್ತರಿಯ ಒತ್ತಡ ತಡೆಯುತ್ತದೆ. ಆದರೆ ಇನ್ನೆಂದೂ ಬಾಗುವುದಿಲ್ಲ. ಕಾಲ್ಬೆರಳಿನ ಕೀಲು ತಂದು ಜೋಡಿಸಿದರೆ ಬಾಗುತ್ತದೆ. ಆದರೆ ದಿನವಿಡೀ ದಪ್ಪ ಬಟ್ಟೆ ಕತ್ತರಿಸುವ ಕಸುಬನ್ನು ಮರೆತುಬಿಡಬೇಕು. ಮಗಳು ಇದನ್ನೆಲ್ಲ ಒಂದಕ್ಷರ ಬಿಡದೆ ಕೈಯಲ್ಲೇ ಹೇಳಿದಳು.

ಅಪ್ಪ ಯೋಚಿಸಲೂ ಇಲ್ಲ. ನೋಯುವ ಹೆಬ್ಬೆರಳನ್ನು ಎತ್ತಿ ಎರಡು ಸಲ ಬಾಗಿಸಿದ. ಅದು ಅವಳ ಹೆಸರು. ಮಗುವಾಗಿದ್ದಾಗ ಊಟಕ್ಕೆ ಕೂತಲ್ಲೇ ತಲೆ ಬಾಗಿಸಿ ತೂಕಡಿಸುತ್ತಿದ್ದಳೆಂದು ಅವನಿಟ್ಟ ಹೆಸರು. ಶಾಲೆಯ ಹಾಜರಿಯಲ್ಲಿದ್ದ ಹೆಸರು ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ನಿನ್ನನ್ನು ಕರೆಯುವ ಬೆರಳು ಬಾಗಲೇಬೇಕು ಎಂದ.

ಎಡಗೈಯಲ್ಲಿ ಕರೆದರಾಯಿತಲ್ಲ ಎಂದಳು ಮಗಳು. ಹಾಗೆ ಕರೆದರೆ ಬೇರೆ ಯಾರೋ ಕರೆದಂತಿರುತ್ತದೆ ಎಂದು ಅವನು ಮುಖ ತಿರುಗಿಸಿದ. ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಕೇಳುವ ಆಸಾಮಿಯಲ್ಲ. ನೋವು ಹೆಚ್ಚಾಗಿ ಅಂಗಡಿ ಮುಚ್ಚಿದ ಮೂರು ತಿಂಗಳು ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ಕೈಯೆತ್ತಿ ಒಂದು ಮಾತೂ ಆಡಿರಲಿಲ್ಲ. ಕತ್ತರಿ ಕೈಯಲ್ಲಿದ್ದರೆ ಅವನೇ ಬೇರೆ. ಹೊಟ್ಟೆ ಬಂದ ಗಿರಾಕಿಗಳಿಗೆ ಟೇಪು ಸಾಲದೆಂದು ಅಣಕಿಸಿ ತಾನೇ ಮೊದಲು ನಗುತ್ತಿದ್ದ.

“ಏನಂತಾರಮ್ಮ ನಿಮ್ಮ ತಂದೆ?” ಎಂದರು ಡಾಕ್ಟರು.

ಬುದ್ಧಿ ಬಂದಾಗಿನಿಂದ ಅವನ ಮಾತನ್ನು ಒಂದಿಷ್ಟೂ ಹೆಚ್ಚುಕಡಿಮೆ ಮಾಡದೆ ಜನರಿಗೆ ಮುಟ್ಟಿಸಿದವಳು ಅವಳು. ಈಗ ಕೈಗಳೆರಡನ್ನೂ ಮಡಿಲಲ್ಲಿ ಅದುಮಿಟ್ಟುಕೊಂಡಳು.

“ಕತ್ತರಿ ಹಿಡಿಯೋ ಬೆರಳೇ ಬೇಕಂತೆ. ಬಾಗದೇ ಇದ್ರೂ ಪರವಾಗಿಲ್ಲವಂತೆ.”

ತುಟಿ ನೋಡಿ ಅಪ್ಪ ಹಿಡಿಯಬಲ್ಲ ಮಾತುಗಳು ಬೆರಳೆಣಿಕೆಯಷ್ಟು. ‘ಕತ್ತರಿ’ ಅವುಗಳಲ್ಲೊಂದು. ಅವನು ಮಗಳನ್ನೇ ದಿಟ್ಟಿಸಿದ. ಅವಳು ತಲೆ ಎತ್ತಲಿಲ್ಲ. ಅವನು ಡಾಕ್ಟರ ಕಡೆ ತಿರುಗಿ, ಆಗಲಿ ಎಂದು ತಲೆಯಾಡಿಸಿದ.

ಆಮೇಲೆ ಅವಳ ಗಲ್ಲ ಹಿಡಿದೆತ್ತಿ, ಎದುರಿಗೇ ಕೂತಿದ್ದವಳನ್ನು ಹೆಬ್ಬೆರಳು ಬಾಗಿಸಿ ಹೆಸರು ಹಿಡಿದು ಕರೆದ. ಅವಳು ಓಗೊಡುವವರೆಗೂ ಕರೆಯುತ್ತಲೇ ಇದ್ದ.