ಸತ್ಯಪ್ಪನ ಫಟಫಟಿ

ಎತ್ತಿನ ಗಾಡಿಯ ಮೇಲೆ ಹಗ್ಗ ಬಿಗಿಸಿಕೊಂಡು ಬರುತ್ತಿದ್ದ ಫಟಫಟಿಯನ್ನು ಕೇದಾರಿ ದೂರದಿಂದಲೇ ಗುರುತಿಸಿದ. ಸತ್ಯಪ್ಪನದು. ಎರಡು ವರ್ಷ ಮೇಲವಂಕಿಯ ಮನೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ಮೋಟಾರ್ ಸೈಕಲ್ಲು ಇಂದು ಗೋಕಾಕದ ತನ್ನ ಗ್ಯಾರೇಜಿಗೆ ಬಂದಿದೆಯೆಂದರೆ ಮಾರಾಟಕ್ಕೇ ಇರಬೇಕು. ಸತ್ಯಪ್ಪ ಅವನ ಜೀವದ ಗೆಳೆಯ. ಗೋವೆ ನಮ್ಮದಾದ ಮರುವರ್ಷ ಈ ಫಟಫಟಿಯ ಮೇಲೆಯೇ ಹೋಗಿ ಸಮುದ್ರ ನೋಡಿಬಂದಿದ್ದ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ.

ಎತ್ತು ಹೊಡೆದುಕೊಂಡು ಬಂದವನು ಸತ್ಯಪ್ಪನ ಅಪ್ಪ ಶೆಟ್ಟೆಪ್ಪ.

“ಮಾರತೀರೇನ್ರಿ ಕಾಕಾ?”

“ಮಾರೂದಿಲ್ಲಪ್ಪಾ. ಓಡಸಾಕ ಬೇಕಾಗೇತಿ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಎಣ್ಣಿ ಕಾರಿ ಕುಂತಾವು. ಸೋವಿಯೊಳಗ ಬ್ಯಾರೆ ಹಾಕಿಕೊಡು.”

“ಓಡಸಾವ್ರು ಯಾರ್ರಿ?”

ಶೆಟ್ಟೆಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. “ಪದ್ಮವ್ವಗ ಉಡಿಕಿ ಮಾಡಬೇಕಂತ ಮಾಡೇನಿ. ಸೊಸಿ ಅಲ್ಲ, ಮಗಳಿದ್ದಂಗ ಅದಾಳ. ಸತ್ತ ಮಗನ ಹೆಸರಿನ ಮ್ಯಾಲೆ ಜಲ್ಮ ತಗಿ ಅಂತ ಹ್ಯಾಂಗ ಹೇಳ್ಲಿ? ಗಾಡಿ ಅಕಿ ಗಂಡಗ ನನ್ನ ಉಡುಗರಿ.”

ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದುಕೊಂಡೇ ಕೇದಾರಿ ಕೂತುಬಿಟ್ಟ. ಗಂಡ ಸತ್ತವಳನ್ನು ಉಡಿಕೆ ಮಾಡಿ ಇನ್ನೊಬ್ಬನ ಕೈಗೆ ಕೊಡುವುದು ಅವರ ಮಂದಿಯಲ್ಲಿ ಹೊಸದೇನಲ್ಲ. ಪದ್ಮವ್ವನ ವಿಷಯದಲ್ಲಿ ಆ ಮಾತು ಇಂದಲ್ಲ ನಾಳೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅವಳ ಮೇಲೆ ಅವನಿಗೆ ಪ್ರೀತಿ. ಗೆಳೆಯನ ಹೆಂಡತಿ ಎಂಬ ಸಂಕೋಚಕ್ಕೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಸಂತೆಗೆ ಬಂದಾಗಲೆಲ್ಲ ಅವಳು ಕೇದಾರಿಯ ಮನೆಗೆ ಬರುತ್ತಿದ್ದಳು. ಅವನ ತಮ್ಮ ಯಲ್ಲಾರಿ ಲಾರಿ ಓಡಿಸುವವನು, ಹೆಂಡತಿ ಕೂಸನ್ನು ಬಿಟ್ಟು ಬಾಣಂತನದಲ್ಲೇ ತೀರಿಕೊಂಡಿದ್ದಳು. ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪದ್ಮವ್ವ ಕೇದಾರಿಯ ಅವ್ವನ ಜೊತೆ ಹೊತ್ತು ಇಳಿಯುವ ತನಕ ಮಾತಾಡುತ್ತಿದ್ದಳು. ಆ ದಿನ ಕೇದಾರಿ ಗ್ಯಾರೇಜಿಗೆ ಬೇಗ ಬೀಗ ಹಾಕುತ್ತಿದ್ದ. ಇನ್ನು ಅದೂ ಇಲ್ಲ. ಕಣ್ಣು ತುಂಬಿ ಬಂದವು. ಮುದುಕ ಕಂಡಾನೆಂದು ಹಿಂದಿನ ಗಾಲಿಯ ಕಡೆ ಬಗ್ಗಿದ.

ಕೆಲಸದ ಮಾತಾದರೆ ಸುಲಭ. “ಹೊಸಾವು ಬೆಳಗಾವಿಂದ ತರಸಬೇಕು, ಭಾಳ ತುಟ್ಟಿ. ಹುಕ್ಕೇರಿ ಹಾದ್ಯಾಗ ಬಿದ್ದ ಗಾಡೀವು ಒಂದು ಜೋಡಿ ಅದಾವು, ಸೋವಿ. ಆದ್ರ ಸ್ಪ್ರಿಂಗ್ ಬಿರುಸು, ಹಿಂದ ಕುಂತವರ ಸೊಂಟ ಉಳಿಯೂದಿಲ್ಲ. ಒಂದು ಹೊಸಾದು, ಒಂದು ಹಳೇದು ಹಾಕಿದ್ರ ತಿರುವಿನ್ಯಾಗ ಗಾಡಿ ಎಳೀತೈತಿ. ಓಡಸಾಂವನ ತೂಕ ಎಷ್ಟ್ರಿ?”

ಶೆಟ್ಟೆಪ್ಪ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ನಿನ್ನಷ್ಟ ಇರಬೇಕು. ಎತ್ತರಾನೂ ನಿನ್ನಷ್ಟ.”

“ಯಾವೂರಾಂವ?”

“ಗೋಕಾಕದಾಂವ.”

ಕೇದಾರಿ ಪಾನಾ ಕೆಳಗಿಟ್ಟ. “ಪದ್ಮವ್ವ ಒಪ್ಪ್ಯಾಳೇನ್ರಿ?”

“ಅಕೀನ ಮಾತು ತಗದ್ಲು. ಆ ಮನಿ ಆದ್ರ ಹೋಗತೇನಿ, ಬ್ಯಾರೆ ಕಡೆ ಒಲ್ಲೆ ಅಂದ್ಲು. ಹ್ವಾದ ಸಂತಿ ದಿನ ನಿಮ್ಮವ್ವನ್ನೂ ಕೇಳೇನಿ. ಕೇದಾರೀನ ಕೇಳ್ರಿ, ಅಂವ ಹೂಂ ಅಂದ್ರ ಮುಗೀತು ಅಂದಾಳ.”

ನಾಲ್ಕು ದಿನದಿಂದ ಅವ್ವ ಸುಮ್ಮಸುಮ್ಮನೆ ನಗುತ್ತಿದ್ದುದು ಇದಕ್ಕೇ. ಕೇದಾರಿಗಿನ್ನೂ ಮದುವೆಯಾಗಿರಲಿಲ್ಲ. ಹಾಗಿದ್ದವನು ಉಡಿಕೆಗೆ ಕೂಡಬೇಕಾದರೆ ಮೊದಲು ಎಕ್ಕೆಯ ಗಿಡಕ್ಕೆ ತಾಳಿ ಕಟ್ಟಬೇಕೆಂಬುದು ಪದ್ಧತಿ. ಅದಕ್ಕೇನಂತೆ, ಗ್ಯಾರೇಜಿನ ಹಿಂದೆಯೇ ಎಕ್ಕೆ ಬೆಳೆದಿತ್ತು. ಬೇಕೆಂದರೆ ಸಾಲಾಗಿ ಎಲ್ಲ ಗಿಡಕ್ಕೂ ಕಟ್ಟಿಯಾನು. ಆಮೇಲೆ ಸತ್ಯಪ್ಪನ ನೆನಪಾಗಿ ನಾಚಿಕೆಯಾಯಿತು. ಅವನು ಸತ್ತದ್ದರಿಂದ ತಾನೆ ತನಗೆ ಈ ಸುಖ. ಅವಳ ಕಣ್ಣಲ್ಲಿ ನೀರು ಬರದಂತೆ ನೋಡಿಕೊಳ್ಳುತ್ತೇನೆಂದು ಸತ್ತ ಗೆಳೆಯನಿಗೆ ಮನಸ್ಸಿನಲ್ಲೇ ಮಾತು ಕೊಟ್ಟ.

“ಸೋವೀವೂ ಬ್ಯಾಡ, ತುಟ್ಟೀವೂ ಬ್ಯಾಡ್ರಿ ಕಾಕಾ,” ಎಂದು ಎದ್ದ.

ಮೂಲೆಯಲ್ಲಿ ಅವನದೇ ಫಟಫಟಿ ನಿಂತಿತ್ತು. ಅದೇ ಮಾದರಿಯದು. ಹೊಟ್ಟೆ ಕಟ್ಟಿ ಹೋದ ವರ್ಷವಷ್ಟೇ ಹೊಸ ಶಾಕ್ ಹಾಕಿಸಿದ್ದ, ಕೂತರೆ ಮೆತ್ತಗೆ. ಇನ್ನು ತಾನು ಓಡಿಸುವುದು ಸತ್ಯಪ್ಪನದನ್ನು, ಹಿಂದೆ ಪದ್ಮವ್ವ. ಎರಡನ್ನೂ ಬಿಚ್ಚಿದ. ಅವನ ಗಾಡಿ ಹಿಂಭಾಗ ಕುಸಿದು ಕೂತಿತು. ಸತ್ಯಪ್ಪನದಕ್ಕೆ ಜೋಡಿಸಿ, ಹಿಂದೆ ಶೆಟ್ಟೆಪ್ಪನನ್ನು ಕೂಡಿಸಿಕೊಂಡು ಫಾಲ್ಸ್ ರಸ್ತೆಯ ತಗ್ಗುಗಳ ಮೇಲೆ ಒಂದು ಸುತ್ತು ಹಾಕಿಬಂದ.

“ಎತ್ತಿ ಒಗೀಲೇ ಇಲ್ಲಲ್ಲೋ,” ಎಂದ ಮುದುಕ. “ಎಷ್ಟಾತು ಹೇಳು.”

“ಮನಿ ಗಾಡಿಗೆ ಎಂಥಾ ರೊಕ್ಕರಿ?”

ಶೆಟ್ಟೆಪ್ಪ ತೆಗೆದಿದ್ದ ರೊಕ್ಕವನ್ನು ಮತ್ತೆ ಕಿಸೆಗೆ ಇಟ್ಟ. “ಹಂಗಾರ ಇದು ನಿನ್ನ ಹೂಂ ಅಂತ ತಿಳೀಲೇನು?”

“ಹೂಂ ರಿ.”

ಮಗ ಸತ್ತ ದಿನವೂ ನಾಲ್ಕು ಜನರ ಮುಂದೆ ಅಳದಿದ್ದ ಶೆಟ್ಟೆಪ್ಪ ಈಗ ಅತ್ತ. ಎಣ್ಣೆ ಮೆತ್ತಿದ ಕೇದಾರಿಯ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ.

“ಅಣ್ಣಗ ಮದಿವಿ ಇಲ್ಲ, ನನಗ್ಯಾಕ ಎರಡನೇದು ಅಂತ ಯಲ್ಲಾರಿ ಹಟ ಹಿಡದಿದ್ದ, ಇನ್ನ ಚಿಂತಿಲ್ಲ, ಕೂಸಿಗೆ ಅವ್ವ ಸಿಕ್ಕಳು, ಪದ್ಮವ್ವಗ ನಿನ್ನಂಥಾ ಭಾವ ಸಿಕ್ಕ.”