ಧೂಳು ಹತ್ತದ ಎಣ್ಣೆ

ಮತ್ತೆ ಎಣ್ಣೆ. ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ, ಎಣ್ಣೆ ತಡೆಯುವ ಗ್ಯಾಸ್ಕೆಟ್ ಕೂತ ಸಂದಿಯಲ್ಲಿ, ಕಳೆದ ವಾರ ಒರೆಸಿ ಕಳಿಸಿದ್ದ ಅದೇ ಜಾಗದಲ್ಲಿ. ಗಿರಮಲ್ಲಪ್ಪ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ, ಏನೂ ಅನಿಸದವನ ಹಾಗೆ ನಿಂತ.

ಸಿಟ್ಟು ಬರಬೇಕಿತ್ತು. ಮೊದಲ ಸಲ ಬಂದಿತ್ತು ಕೂಡ. ಜಮಖಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸಿದವನು ಅವನು. ಈ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟವನೂ ಅವನೇ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತು ಬಿಗಿದದ್ದು ಅವನ ಕೈಗೆ ಇನ್ನೂ ನೆನಪಿತ್ತು. ಆದರೆ ಹದಿನೈದು ದಿನದ ಹಿಂದೆ ಕಾರು ಕೊಳ್ಳಲು ಬಂದ ಬೀಳಗಿಯವರು ಎಣ್ಣೆ ಕಂಡು ಹಾಗೇ ಮರಳಿದರು. ಕಳೆದ ವಾರ ಬನಹಟ್ಟಿಯ ನೂಲಿನ ವ್ಯಾಪಾರಿ ಭೂಪಾಲ ಬಂದು, ಬಗ್ಗಿ ನೋಡಿ, “ಏನಪಾ ಗಿರಮಲ್ಲಾ, ಎಂಜಿನ್ ಕಟ್ಟೀಯೋ, ಗಾಣಾ ಕಟ್ಟೀಯೋ?” ಎಂದ. ಆ ಮಾತು ಅವನಿಗಿಂತ ಮೊದಲೇ ಪೇಟೆ ಮುಟ್ಟಿತು. ಗಿರಮಲ್ಲಪ್ಪನ ಬಳಿ ಬರುತ್ತಿದ್ದ ಎರಡು ಜೀಪುಗಳು ಎದುರಿನ ಗ್ಯಾರೇಜಿಗೆ ಹೋದವು.

ಇಂದು ಹನ್ನೊಂದು ಗಂಟೆಗೆ ಭೂಪಾಲ ಮತ್ತೆ ಬರುವವನಿದ್ದ. ಕಾರು ಅವನ ಮನಸ್ಸಿಗೆ ಬಂದಿತ್ತು. ಸೋರಿಕೆ ನಿಂತಿದ್ದರೆ ಒಯ್ಯುತ್ತಾನೆ. ನಿಂತಿರದಿದ್ದರೆ ಗಿರಮಲ್ಲಪ್ಪನ ಹೆಸರು ಹೋಯಿತು.

ಕಾರು ಲೋಕಾಪುರದ ಮುದಕಪ್ಪನವರದು. ಎಂಜಿನ್ ಕಟ್ಟಿಸಿಕೊಂಡ ಎರಡೇ ತಿಂಗಳಿಗೆ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟವರು, ಎದೆ ಹಿಡಿದುಕೊಂಡು ಕಾರನ್ನು ರಸ್ತೆಯ ಬದಿಗೆ ಸರಿಯಾಗಿ ನಿಲ್ಲಿಸಿ, ಕೂತಲ್ಲೇ ತೀರಿಕೊಂಡರು. ಈಗ ಕಾರು ಮಾರುವುದೆಂದು ಆಗಿತ್ತು. ಮಗ ಪರಸಪ್ಪ ಅದನ್ನು ಓಡಿಸಿಕೊಂಡು ಬರುತ್ತಿದ್ದ. ತಾಯಿ ತಂಗೆವ್ವ ಪ್ರತಿ ಸಲವೂ ಬೇರೆಯಾಗಿ ಬಸ್ಸಿನಲ್ಲಿ ಬಂದು, ತಗಡಿನ ನೆರಳಲ್ಲಿ ಸ್ಟೂಲಿನ ಮೇಲೆ ಕೂತು, ಕಾರಿನಿಂದ ಕಣ್ಣು ಕೀಳುತ್ತಿರಲಿಲ್ಲ. ಗಂಡನಿಲ್ಲದ ಕಾರಿನಲ್ಲಿ ಕೂರಲೂ ಜೀವ ಒಪ್ಪದು, ಬಿಟ್ಟುಕೊಡಲೂ ಒಪ್ಪದು ಎಂದುಕೊಂಡಿದ್ದ ಗಿರಮಲ್ಲಪ್ಪ. ಚಹಾ ಕೊಟ್ಟರೆ ಅವಳು ಮೊದಲು ಕೇಳುತ್ತಿದ್ದದ್ದು ಒಂದೇ: “ನೀ ಕುಡದೀಯೇನಪಾ?”

“ದಾರ್ಯಾಗ ಎಲ್ಲೆರ ನಿಂದ್ರಿಸಿದ್ರೇನು?” ಗಿರಮಲ್ಲಪ್ಪ ಕೇಳಿದ.

“ಇಲ್ಲೇ ಊರ ಹೊರಗ, ಹಳ್ಳದ ಹತ್ರ. ಎಂಜಿನ್ ಸ್ವಲ್ಪ ಆರಲಿ ಅಂತ,” ಎಂದ ಪರಸಪ್ಪ. “ಗ್ಯಾಸ್ಕೆಟ್ ಹೋಗೇತೇನ್ರಿ, ಗಿರಮಲ್ಲಣ್ಣಾ?”

“ನೋಡೂಣು.”

“ಹೋಗಿದ್ರ ಯಾರೂ ತುಗೊಳ್ಳೂದಿಲ್ಲ, ಹೌದಲ್ರಿ?” ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ತಂದೆ ಸತ್ತಾಗಿನಿಂದ ಅವನು ಮಾತಾಡುವುದೇ ಹಾಗೆ.

ಗಿರಮಲ್ಲಪ್ಪ ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ನನ್ನು ಒರೆಸಿದ. ಒಣಗಿದ ಮೇಲೆ ಸಂದಿಯ ಉದ್ದಕ್ಕೂ ಮುಖದ ಪೌಡರ್ ಉದುರಿಸಿದ. ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿ ಪೌಡರ್ ಮೊದಲು ಒದ್ದೆಯಾಗುತ್ತದೆ. ಎಂಜಿನ್ ಚಾಲೂ ಮಾಡಿ ಅದರ ಮುಂದೆ ಕೂತ.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಪೌಡರ್ ಬೆಳ್ಳಗೆ ಹಾಗೇ ಇತ್ತು.

ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಎಣ್ಣೆ ಅಳೆಯುವ ಕಡ್ಡಿ ಎಳೆದ. ಎಣ್ಣೆ ಗುರುತಿನಲ್ಲೇ ನಿಂತಿತ್ತು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಬಣ್ಣ ಕಪ್ಪು, ಓಡಿದ ಎಂಜಿನ್ನಿನಲ್ಲಿ ಇರಬೇಕಾದ ಹಾಗೆ. ಆಮೇಲೆ ಸಂದಿ ಒರೆಸಿದ ಬಟ್ಟೆಯನ್ನು ಬಿಸಿಲಿಗೆ ಹಿಡಿದ. ಅದರ ಮೇಲಿನ ಎಣ್ಣೆ ಜೇನಿನ ಬಣ್ಣದ್ದು. ಲೋಕಾಪುರದಿಂದ ಅಷ್ಟು ದೂರ ಕರಿಮಣ್ಣಿನ ರಸ್ತೆ ಹಾದು ಬಂದರೂ ಅದಕ್ಕೆ ಒಂದು ಚಿಟಿಕೆ ಧೂಳು ಹತ್ತಿರಲಿಲ್ಲ.

ಇದು ಎಂಜಿನ್ನಿನೊಳಗಿಂದ ಬಂದ ಎಣ್ಣೆಯಲ್ಲ. ಡಬ್ಬಿಯಿಂದ ಸುರಿದದ್ದು. ಆ ಡಬ್ಬಿಯನ್ನೂ ಅವನು ಬಲ್ಲ. ಕೆಲಸ ಮುಗಿದ ಮೇಲೆ ಉಳಿದ ಎಣ್ಣೆಯನ್ನು ಮುದಕಪ್ಪನವರ ಮನೆಗೆ ಕೊಟ್ಟು ಕಳಿಸಿದ್ದು ಅವನೇ.

ಗಿರಮಲ್ಲಪ್ಪ ತಲೆ ಎತ್ತಿ ತಂಗೆವ್ವನನ್ನು ನೋಡಿದ. ತಂಗೆವ್ವ ಕಾರನ್ನು ನೋಡುತ್ತಿದ್ದಳು.

ಭೂಪಾಲ ಹೇಳಿದ ಹೊತ್ತಿಗೇ ಬಂದ. ಬಾನೆಟ್ಟಿನೊಳಗೆ ಬಗ್ಗಿದ. “ಅರೆ, ಇವತ್ತ ಎಲ್ಲಾ ಒಣಾ ಒಣಾ ಐತಲ್ಲೋ. ಸರಿ ಮಾಡಿದಿ?”

ಹೌದು ಎಂದರೆ ಸಾಕಿತ್ತು. ಇಪ್ಪತ್ತೆರಡು ವರ್ಷ ಆ ಒಂದು ಮಾತಿನ ಹಿಂದೆ ನಿಂತಿದ್ದವು.

“ಈಗ ಒರಸೇನ್ರಿ ಸಾವ್ಕಾರ್ರ, ಅದಕ್ಕ ಒಣಾ ಕಾಣತೈತಿ,” ಎಂದ ಗಿರಮಲ್ಲಪ್ಪ. “ನಾಲ್ಕ ಮೈಲು ಓಡಿದ್ರ ಮತ್ತ ಸೋರತೈತಿ. ತಪ್ಪು ನಂದ. ನಾನs ಸರಿಯಾಗಿ ಕಟ್ಟಿಲ್ಲ. ಇದನ್ನ ನೀವು ತುಗೋಬ್ಯಾಡ್ರಿ.”

ಭೂಪಾಲ ಅವನನ್ನು ಮೇಲಿನಿಂದ ಕೆಳಗೆ ನೋಡಿದ. “ಬಾಯಿ ಬಿಟ್ಟು ಹೇಳಿದೆಲ್ಲ, ಅಷ್ಟ ಛಲೋ ಆತು. ಇನ್ನ ನನ್ನ ಲಾರೀನೂ ನಿನ್ನ ಕಡೆ ಬರೂದಿಲ್ಲ ತಗೊ.” ನಗುತ್ತಲೇ ಹೇಳಿ ಹೋದ. ಸಂಜೆಯೊಳಗೆ ಇದು ಬನಹಟ್ಟಿ, ರಬಕವಿ ಎರಡೂ ಕಡೆ ತಿಳಿಯುತ್ತದೆ. ಗಿರಮಲ್ಲಪ್ಪನಿಗೆ ಅದೂ ಅಷ್ಟಾಗಿ ತಟ್ಟಲಿಲ್ಲ. ಪರಸಪ್ಪ ಬಾನೆಟ್ ಮುಚ್ಚಿದ.

ಗಿರಮಲ್ಲಪ್ಪ ತಂಬಿಗೆಯಲ್ಲಿ ನೀರು ತಂದು ತಂಗೆವ್ವನ ಎದುರು ಕುಕ್ಕರಗಾಲಲ್ಲಿ ಕೂತ. ದನಿ ತಗ್ಗಿಸಿದ.

“ಸಮಾಧಾನ ಮಾಡ್ಕೋರಿ ಅವ್ವಾರ. ಗಾಡಿ ಎಲ್ಲೂ ಹೋಗೂದಿಲ್ಲ. ನಿಮ್ಮ ಮನ್ಯಾಗ ಇರತೈತಿ.”

ತಂಗೆವ್ವ ತಂಬಿಗೆ ಮುಟ್ಟಲಿಲ್ಲ.

“ಇವತ್ತೂ ಹೋಗಲಿಲ್ಲಾ?” ಎಂದಳು. “ಮಾರ್‍ರಿ ಅಂದಾಕಿ ನಾನs ತಮ್ಮಾ. ಅದರಾಗ ಅವರ ಜೀವಾ ಹೋಗೂದನ್ನ ಹಿಂದ ಕುಂತು ನೋಡಿದಾಕಿನೂ ನಾನs. ಅಂಗಳಕ್ಕ ಬಂದ್ರ ಅದs ಕಾಣತೈತಿ. ಯಾರರೆ ಒಯ್ಯೂದನ್ನ ಕಣ್ಣಿಲೆ ನೋಡಿ ನಿದ್ದಿ ಮಾಡೂಣಂತ ಮೂರ ಸಲಾ ಬಂದೆ.”

ಗಿರಮಲ್ಲಪ್ಪ ತಂಬಿಗೆ ಹಿಡಿದುಕೊಂಡೇ ಎದ್ದು, ಕಾರಿನತ್ತ ತಿರುಗಿದ.

ಪರಸಪ್ಪ ಕಾದ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದ. ಸುಡುತ್ತಿದ್ದರೂ ಕೈ ತೆಗೆದಿರಲಿಲ್ಲ. ಗಿರಮಲ್ಲಪ್ಪ ಹತ್ತಿರ ಬಂದಾಗ, ಅವನಿಗಷ್ಟೇ ಕೇಳುವ ಹಾಗೆ ಅಂದ:

“ಎಣ್ಣಿ ಮಾತು ಅವ್ವನ ಮುಂದ ಹೇಳಬ್ಯಾಡ್ರಿ, ಗಿರಮಲ್ಲಣ್ಣಾ.”