ತೆಪ್ಪದ ವಾಯಿದೆ

ಪುಟ್ಟ ಸ್ವಂತ ವಿಮಾನದಲ್ಲಿ ಸಾಗರ ದಾಟಲು ಹೊರಟ ಗಂಡನಿಂದ ಗಾಳಿ ತುಂಬುವ ರಕ್ಷಣಾ ತೆಪ್ಪವೊಂದನ್ನು ಕೊಳ್ಳಿಸುವಷ್ಟರಲ್ಲಿ ವಸುಂಧರೆಗೆ ಸಾಕುಸಾಕಾಗಿತ್ತು.

“ಎಂಜಿನ್ ಕೆಟ್ಟರೆ ತಾನೇ ಇದು ಬೇಕಾಗೋದು? ಕೆಡದಿದ್ರೆ ನಾಲ್ಕು ಲಕ್ಷ ದಂಡ ಕಣೇ!”

“ಜೀವಕ್ಕಿಂತ ದುಡ್ಡು ಹೆಚ್ಚೇನ್ರೀ? ತೆಪ್ಪ ಇಲ್ಲದೆ ನಾನಂತೂ ವಿಮಾನ ಹತ್ತೋಳಲ್ಲ.”

ಕೊನೆಗೆ ರಿಯಾಯಿತಿಯಲ್ಲಿ ಸಿಕ್ಕ ಒಂದನ್ನು ಆತ ಗೊಣಗುತ್ತಲೇ ಕೊಂಡು ತಂದ.

ನಡುಸಾಗರದ ಮೇಲೆ ಎಂಜಿನ್ ಒಂದೇ ಲಯದಲ್ಲಿ ಗುನುಗುತ್ತಿತ್ತು. ವಸುಂಧರೆ ನೆಮ್ಮದಿಯಿಂದ ಕಾಲು ಚಾಚಿದಳು. ಹಿಂದಕ್ಕೆ ತಿರುಗಿ ತೆಪ್ಪದ ಮೇಲಿನ ಚೀಟಿ ಓದಿದ ಗಂಡನ ಮುಖ ಮಾತ್ರ ಬಿಳಿಚಿಕೊಂಡಿತು.

“ಏನಾಯ್ತು ರೀ?”

“ಇದರ ವಾಯಿದೆ ಇವತ್ತಿಗೇ ಮುಗಿಯುತ್ತೆ. ಬೆಲ್ಟು ಬಿಗಿ ಮಾಡ್ಕೊಳ್ಳೇ,” ಎಂದವನೇ ಆತ ಎಂಜಿನ್ ಆರಿಸಿದ.